ಹತ್ತು ಅಂಕದ ಅಂತರ: ‘ಕೌಂಟ್‌ಡೌನ್’ ಪಂದ್ಯ ಕೊನೆಯ ಅರ್ಧ ನಿಮಿಷಕ್ಕೆ ಬಂದು ನಿಲ್ಲುವುದು ಹೇಗೆ?

ನಿಮ್ಮ ಫೋನಿಗೂ ಆ ವಿಡಿಯೊ ತುಣುಕು ಬಂದಿರಬಹುದು. ಹಿಂದೆ ಒಂದು ದೊಡ್ಡ ಗಡಿಯಾರ. ಮುಂದೆ ಇಬ್ಬರು ಸ್ಪರ್ಧಿಗಳು, ಕೈಯಲ್ಲಿ ಪೆನ್ನು. ಬೋರ್ಡಿನ ಮೇಲೆ ಕಲಸುಮೇಲೋಗರವಾದ ಒಂಬತ್ತು ಅಕ್ಷರ. ಇಪ್ಪತ್ತು ಸೆಕೆಂಡು ಕಳೆಯುತ್ತದೆ. ಒಬ್ಬರು ಗುಂಡಿ ಒತ್ತಿ ಒಂದು ಪದ ಹೇಳುತ್ತಾರೆ. ಸ್ಟುಡಿಯೊ ಪೂರ್ತಿ ಚಪ್ಪಾಳೆ. ಇಷ್ಟು ಹೊತ್ತೂ ಹಿಂದಿದ್ದವರು ಒಂದೇ ಅಂಕದಿಂದ ಗೆದ್ದುಬಿಡುತ್ತಾರೆ.

ಇದು ಬ್ರಿಟನ್ನಿನ ‘ಕೌಂಟ್‌ಡೌನ್’ ಎಂಬ ಟಿವಿ ಕಾರ್ಯಕ್ರಮ. ಪದ ಮತ್ತು ಲೆಕ್ಕದ ಆಟ. ಮೊದಲ ಸಲ ನೋಡಿದವರಿಗೆ ಕೆಲವು ಪ್ರಶ್ನೆ ಏಳುತ್ತವೆ. ಹದಿನಾಲ್ಕು ಸುತ್ತು ಆಡಿದ ಮೇಲೂ ಒಂದೇ ಪದ ಎಲ್ಲವನ್ನೂ ತಿರುಗಿಸಬಹುದು ಅಂದರೆ, ಹಿಂದಿನ ಸುತ್ತುಗಳಿಗೆ ಏನು ಬೆಲೆ? ಹಿಂದೆ ಬಿದ್ದವರು ಸುಲಭದ ಲೆಕ್ಕ ಬಿಟ್ಟು ಬೇಕಂತಲೇ ಕಷ್ಟದ್ದನ್ನು ಕೇಳುವುದೇಕೆ? ಮುಂದಿರುವವರು ಕೊನೆಯಲ್ಲಿ ಗುಂಡಿ ಮುಟ್ಟದೆ ಕುಳಿತಿರುವುದೇಕೆ?

ಎಲ್ಲದಕ್ಕೂ ಉತ್ತರ ಅಂಕ ಕೊಡುವ ರೀತಿಯಲ್ಲಿದೆ. ಅದು ಗೊತ್ತಾದರೆ ಈ ಆಟ ಕೊನೆಯ ಓವರಿನ ಕ್ರಿಕೆಟ್ಟಿನ ಹಾಗೆ ಕಾಣತೊಡಗುತ್ತದೆ.

ಎಲ್ಲಿಂದ ಬಂತು?

ಬೇರು ಇರುವುದು ಫ್ರಾನ್ಸಿನಲ್ಲಿ. ಅರ್ಮಾಂ ಜಾಮೊ ಎಂಬವರು 1965ರಲ್ಲಿ ಅಲ್ಲಿನ ಟಿವಿಗೆ ಒಂದು ಪದದ ಆಟ ಮಾಡಿದರು. ಸಿಕ್ಕ ಅಕ್ಷರಗಳಲ್ಲಿ ಅತಿ ಉದ್ದದ ಪದ ಕಟ್ಟಬೇಕು, ಅಷ್ಟೇ. 1972ರಲ್ಲಿ ಅದಕ್ಕೆ ಲೆಕ್ಕವೂ ಸೇರಿ, ‘ಸಂಖ್ಯೆಗಳು ಮತ್ತು ಅಕ್ಷರಗಳು’ ಎಂಬ ಅರ್ಥದ ಹೆಸರು ಬಂತು.

ಬ್ರಿಟನ್ನಿನ ಚಾನೆಲ್ 4 ಶುರುವಾದದ್ದು 1982ರ ನವೆಂಬರ್ 2ರಂದು. ಆ ದಿನ ಆ ವಾಹಿನಿಯಲ್ಲಿ ಬಂದ ಮೊಟ್ಟಮೊದಲ ಕಾರ್ಯಕ್ರಮವೇ ಕೌಂಟ್‌ಡೌನ್. ಇವತ್ತಿಗೂ ನಡೆಯುತ್ತಿದೆ. ರಿಚರ್ಡ್ ವೈಟ್ಲಿ 2005ರಲ್ಲಿ ತೀರಿಕೊಳ್ಳುವವರೆಗೂ ನಿರೂಪಕರಾಗಿದ್ದರು. ಲೆಕ್ಕದ ಕಡೆ ಮೊದಲು ಕ್ಯಾರಲ್ ವೋರ್ಡರ್‌ಮನ್ ಇದ್ದರು. 2009ರಿಂದ ರೇಚೆಲ್ ರೈಲಿ ಇದ್ದಾರೆ. ನಿಘಂಟು ಹಿಡಿದು ಮೂಲೆಯಲ್ಲಿ ಕೂರುವವರು ಸೂಸಿ ಡೆಂಟ್, 1992ರಿಂದ. ಆ ಜಾಗಕ್ಕೆ ‘ನಿಘಂಟಿನ ಮೂಲೆ’ ಅಂತಲೇ ಹೆಸರು.

ಗಡಿಯಾರದ ಬಗ್ಗೆ ಒಂದು ಮಾತು. ಅದರ ಮುಖ ಪೂರ್ತಿ ದುಂಡಗಿದೆ, ಆದರೆ ಮುಳ್ಳು ಓಡುವುದು ಅರ್ಧ ಸುತ್ತು ಮಾತ್ರ. ಹನ್ನೆರಡರಿಂದ ಆರಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸುತ್ತಿಗೂ ಸಿಗುವ ಸಮಯ ಅಷ್ಟೇ, 30 ಸೆಕೆಂಡು. ಅದರ ಜೊತೆ ಬರುವ ಸಂಗೀತ ಅಲನ್ ಹಾಕ್‌ಶಾ ಅವರದು. ಆ ಸಂಗೀತದ ಕೊನೆಯ ‘ಢಣ್’ ಸದ್ದು ಬ್ರಿಟನ್ನಿನಲ್ಲಿ ಕೇಳದವರು ಕಡಿಮೆ.

ಹದಿನೈದು ಸುತ್ತು

ಈಗಿನ ಪಂದ್ಯದಲ್ಲಿ 15 ಸುತ್ತುಗಳಿವೆ. ಅಕ್ಷರದ ಸುತ್ತು 10, ಸಂಖ್ಯೆಯ ಸುತ್ತು 4, ಕೊನೆಯದು ‘ಕನಂಡ್ರಮ್’. ಕನಂಡ್ರಮ್ ಅಂದರೆ ತಲೆ ಕೆಡಿಸುವ ಒಗಟು. ಅದಕ್ಕೆ ಆಮೇಲೆ ಬರೋಣ.

ಅಕ್ಷರದ ಸುತ್ತು ಸರಳ. ಇಂಗ್ಲಿಷಿನ ಸ್ವರಗಳ ಕಾರ್ಡು ಒಂದು ಕಟ್ಟು, ವ್ಯಂಜನಗಳದು ಇನ್ನೊಂದು ಕಟ್ಟು. ಎರಡೂ ಬೋರಲಾಗಿ ಇರುತ್ತವೆ. ಸರದಿ ಬಂದ ಸ್ಪರ್ಧಿ ‘ವ್ಯಂಜನ ಕೊಡಿ’, ‘ಸ್ವರ ಕೊಡಿ’ ಅಂತ ಒಂದೊಂದಾಗಿ ಕೇಳುತ್ತಾರೆ. ಯಾವ ಅಕ್ಷರ ಬರುತ್ತದೋ ಯಾರಿಗೂ ಗೊತ್ತಿಲ್ಲ. ಒಟ್ಟು ಒಂಬತ್ತು ಅಕ್ಷರ. ಅದರಲ್ಲಿ ಕನಿಷ್ಠ ಮೂರು ಸ್ವರ, ನಾಲ್ಕು ವ್ಯಂಜನ ಇರಲೇಬೇಕು. ಆಮೇಲೆ ಗಡಿಯಾರ ಓಡುತ್ತದೆ. ಇಬ್ಬರೂ ಅದೇ ಒಂಬತ್ತು ಅಕ್ಷರಗಳಲ್ಲಿ ತಮಗೆ ಕಂಡ ಅತಿ ಉದ್ದದ ಪದ ಬರೆದುಕೊಳ್ಳಬೇಕು.

ಉದಾಹರಣೆಗೆ ಟಿ, ಎ, ಸಿ, ಇ, ಎಚ್, ಆರ್, ಇ, ಎಸ್, ಎಲ್ ಬಂದಿವೆ ಅನ್ನೋಣ. ‘ಸರ್ಚ್’ ಕಂಡರೆ ಆರಕ್ಷರ. ‘ಟೀಚರ್’ ಕಂಡರೆ ಏಳು. ಅದಕ್ಕೊಂದು ಎಸ್ ಸೇರಿಸಿ ‘ಟೀಚರ್ಸ್’ ಮಾಡಿದರೆ ಎಂಟು. ತಮಾಷೆ ಏನೆಂದರೆ ಅದೇ ಎಂಟು ಅಕ್ಷರಗಳನ್ನು ಬೇರೆ ಥರ ಜೋಡಿಸಿದರೆ ‘ಚೀಟರ್ಸ್’ ಆಗುತ್ತದೆ. ಇನ್ನೊಂದು ಥರ ಜೋಡಿಸಿದರೆ ‘ಹೆಕ್ಟೇರ್ಸ್’! ಮೇಷ್ಟ್ರು, ಮೋಸಗಾರರು, ಜಮೀನು, ಎಲ್ಲಕ್ಕೂ ಒಂದೇ ಬಂಡವಾಳ.

ಬಹುವಚನದ ಎಸ್, ಭೂತಕಾಲದ ‘ಇಡಿ’, ‘ಐಎನ್‌ಜಿ’ ಇಂಥ ಬಾಲಗಳಿಗೆ ಅಡ್ಡಿಯಿಲ್ಲ. ಹಾಗಾಗಿ ಪಳಗಿದವರು ಮೊದಲು ಹುಡುಕುವುದು ಬಾಲವನ್ನೇ. ಬಾಲ ಪಕ್ಕಕ್ಕಿಟ್ಟು, ಉಳಿದ ಆರೇಳು ಅಕ್ಷರದಲ್ಲಿ ತಲೆ ಹುಡುಕುತ್ತಾರೆ. ಊರಿನ ಹೆಸರು, ವ್ಯಕ್ತಿಯ ಹೆಸರು ನಡೆಯುವುದಿಲ್ಲ. ಪದ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಇರಬೇಕು.

ಒಂದಕ್ಷರ ಉದ್ದ, ಏಳೆಂಟು ಅಂಕ ದೂರ

ಅಕ್ಷರಕ್ಕೊಂದು ಅಂಕ. ಏಳಕ್ಷರದ ಪದಕ್ಕೆ 7, ಎಂಟಕ್ಷರದ್ದಕ್ಕೆ 8. ಒಂಬತ್ತೂ ಅಕ್ಷರ ಬಳಸಿದರೆ ಮಾತ್ರ ದುಪ್ಪಟ್ಟು, ಅಂದರೆ 18.

ಆದರೆ ಅಂಕ ಸಿಗುವುದು ಉದ್ದದ ಪದ ಕಂಡವರಿಗೆ ಮಾತ್ರ. ನಿಮ್ಮದು ಏಳು, ನನ್ನದು ಆರು ಅಂದರೆ ನಿಮಗೆ 7, ನನಗೆ 6 ಅಂತ ಲೆಕ್ಕ ಆಗುವುದಿಲ್ಲ. ನಿಮಗೆ 7, ನನಗೆ ಸೊನ್ನೆ. ಇಬ್ಬರದೂ ಏಳಾದರೆ ಇಬ್ಬರಿಗೂ 7.

ಇಡೀ ಆಟದ ಕೀಲಿ ಇಲ್ಲೇ ಇದೆ. ಪದದಲ್ಲಿ ವ್ಯತ್ಯಾಸ ಒಂದಕ್ಷರ, ಅಂಕದಲ್ಲಿ ವ್ಯತ್ಯಾಸ ಏಳು. ಓಟದ ಸ್ಪರ್ಧೆಯಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದವರಿಗೆ ಎರಡನೇ ಬಹುಮಾನವಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ.

ಇದರಿಂದ ಆಗುವುದೇನು? ಇಬ್ಬರೂ ಚೆನ್ನಾಗಿ ಆಡುವವರಾದರೆ ಹೆಚ್ಚಿನ ಸುತ್ತುಗಳಲ್ಲಿ ಒಂದೇ ಉದ್ದದ ಪದ ಹಿಡಿಯುತ್ತಾರೆ. ಅಂಕ 7-7, 14-14, 21-21 ಹೀಗೆ ಜೋಡೆತ್ತಿನ ಹಾಗೆ ಏರುತ್ತದೆ. ಅಂತರ ಹುಟ್ಟುವುದು ಎಲ್ಲೋ ಒಂದೆರಡು ಸುತ್ತಿನಲ್ಲಿ, ಒಬ್ಬರ ಕಣ್ಣು ತಪ್ಪಿದಾಗ. ಹದಿನಾಲ್ಕು ಸುತ್ತಿನ ಕೊನೆಗೆ 88-79 ಅಂತ ಕಂಡರೆ, ಹದಿನಾಲ್ಕೂ ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಮುಂದಿದ್ದರು ಅಂತ ಅರ್ಥ ಅಲ್ಲ. ಬಹುಶಃ ಎರಡೋ ಮೂರೋ ಸುತ್ತು ಬಿಟ್ಟರೆ ಉಳಿದದ್ದೆಲ್ಲ ಸಮ.

‘ಎಂಟು, ಆದರೆ ಗ್ಯಾರಂಟಿ ಇಲ್ಲ’

ಸಮಯ ಮುಗಿದ ಮೇಲೆ ಯಾರೂ ತಕ್ಷಣ ಪದ ಹೇಳುವುದಿಲ್ಲ. ಮೊದಲು ಉದ್ದ ಮಾತ್ರ ಹೇಳಬೇಕು. ಅಕ್ಷರ ಆರಿಸಿದವರು ಮೊದಲು, ಇನ್ನೊಬ್ಬರು ಆಮೇಲೆ. ಹೇಳಿದ ಮೇಲೆ ಮಾತು ಬದಲಿಸುವ ಹಾಗಿಲ್ಲ. ಆಮೇಲೆ ಪದ ಹೊರಗೆ ಬರುತ್ತದೆ, ಸೂಸಿ ಡೆಂಟ್ ನಿಘಂಟು ನೋಡುತ್ತಾರೆ. ಪದ ಅಲ್ಲಿ ಇಲ್ಲದಿದ್ದರೆ ಸೊನ್ನೆ. ಎದುರಾಳಿಯ ಚಿಕ್ಕ ಪದಕ್ಕೇ ಅಂಕ ಹೋಗುತ್ತದೆ.

ಈಗ ನಿಮ್ಮ ಹತ್ತಿರ ಎರಡು ಪದ ಇವೆ ಅನ್ನಿ. ಏಳಕ್ಷರದ್ದು ಪಕ್ಕಾ. ಎಂಟಕ್ಷರದ್ದು ಎಲ್ಲೋ ಓದಿದ ಹಾಗಿದೆ, ಖಾತ್ರಿ ಇಲ್ಲ. ಎದುರಾಳಿ ಆಗಲೇ ‘ಏಳು’ ಅಂದಾಗಿದೆ. ಏನು ಹೇಳುತ್ತೀರಿ?

ಏಳು ಅಂದರೆ ಇಬ್ಬರಿಗೂ 7, ಅಂತರ ಇದ್ದಷ್ಟೇ ಇರುತ್ತದೆ. ಎಂಟು ಅಂದು ಅದು ಸರಿಯಾದರೆ ನಿಮಗೆ 8, ಅವರಿಗೆ ಸೊನ್ನೆ. ತಪ್ಪಾದರೆ ನಿಮಗೆ ಸೊನ್ನೆ, ಅವರಿಗೆ 7. ಎಂಟು ಮೇಲೆ, ಇಲ್ಲವೇ ಏಳು ಕೆಳಗೆ. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಆದ್ದರಿಂದ ಉತ್ತರ ಪದದಲ್ಲಿ ಇಲ್ಲ, ಆ ಹೊತ್ತಿನ ಸ್ಕೋರಿನಲ್ಲಿದೆ. ನೀವು ಆರಾಮಾಗಿ ಮುಂದಿದ್ದರೆ ‘ಏಳು’ ಅಂದು ಸುಮ್ಮನಾಗುತ್ತೀರಿ. ಹಿಂದಿದ್ದರೆ, ಸುತ್ತುಗಳು ಮುಗಿಯುತ್ತ ಬಂದಿದ್ದರೆ, ‘ಎಂಟು’ ಅನ್ನದೆ ದಾರಿಯಿಲ್ಲ. ನೋಡುವವರು ‘ಅಯ್ಯೋ, ಸುಮ್ನೆ ಏಳು ಅನ್ನಬಾರದಿತ್ತಾ’ ಅಂತ ಗೊಣಗುತ್ತಾರೆ. ಏಳು ಅಂದಿದ್ದರೂ ಅಂತರ ಕಡಿಮೆ ಆಗುತ್ತಿರಲಿಲ್ಲ ಅನ್ನುವುದು ಆಡುವವರಿಗೆ ಗೊತ್ತು.

ಸಂಖ್ಯೆಯ ಸುತ್ತು

ಇಲ್ಲಿ ಒಟ್ಟು 24 ಬಿಲ್ಲೆಗಳು. ನಾಲ್ಕು ‘ದೊಡ್ಡವು’: 25, 50, 75, 100. ಉಳಿದ ಇಪ್ಪತ್ತು ‘ಚಿಕ್ಕವು’: 1ರಿಂದ 10ರವರೆಗೆ, ಪ್ರತಿಯೊಂದೂ ಎರಡೆರಡು. ಸ್ಪರ್ಧಿ ಆರು ಬಿಲ್ಲೆ ಆರಿಸಬೇಕು. ಎಷ್ಟು ದೊಡ್ಡವು, ಎಷ್ಟು ಚಿಕ್ಕವು ಅನ್ನುವುದು ಅವರಿಗೆ ಬಿಟ್ಟದ್ದು. ಆಮೇಲೆ ‘ಸೆಸಿಲ್’ ಎಂಬ ಯಂತ್ರ ಒಂದು ಮೂರಂಕಿಯ ಗುರಿ ಸಂಖ್ಯೆ ಕೊಡುತ್ತದೆ. ಈ ಕಾರ್ಯಕ್ರಮ ಮೊದಲು ಲೀಡ್ಸ್ ಊರಿನಲ್ಲಿ ತಯಾರಾಗುತ್ತಿತ್ತು. ‘ಲೀಡ್ಸ್‌ನಲ್ಲಿರುವ ಕೌಂಟ್‌ಡೌನ್‌ನ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್’ ಅನ್ನುವುದರ ಮೊದಲಕ್ಷರಗಳೇ ಸೆಸಿಲ್. ಆಮೇಲೆ ಕಾರ್ಯಕ್ರಮ ಊರು ಬದಲಿಸಿತು. ಯಂತ್ರದ ಹೆಸರು ಹಾಗೇ ಉಳಿದಿದೆ.

ಕೂಡಬಹುದು, ಕಳೆಯಬಹುದು, ಗುಣಿಸಬಹುದು, ಭಾಗಿಸಬಹುದು. ಒಂದು ಬಿಲ್ಲೆಯನ್ನು ಒಂದೇ ಸಲ ಬಳಸಬೇಕು. ಆರನ್ನೂ ಬಳಸಲೇಬೇಕೆಂದಿಲ್ಲ. ನಡುವೆ ಎಲ್ಲೂ ಭಿನ್ನರಾಶಿ ಬರಬಾರದು. ಸೊನ್ನೆಗಿಂತ ಕೆಳಗೂ ಇಳಿಯಬಾರದು.

ಬಂದವು 75, 2, 3, 6, 8, 10 ಅನ್ನೋಣ. ಗುರಿ 437. ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಹೊಂದಿಸುವ ಹಾಗೆ ಮೊದಲು ಹತ್ತಿರದ ದೊಡ್ಡ ಮೊತ್ತಕ್ಕೆ ಹೋಗಬೇಕು. 75ನ್ನು 6ರಿಂದ ಗುಣಿಸಿದರೆ 450. ಇನ್ನು 13 ಕಳೆಯಬೇಕು. 10 ಮತ್ತು 3 ಇವೆ, ಕಳೆದರೆ ಆಯ್ತು. 8, 3, 2 ಕಳೆದರೂ 437 ಬರುತ್ತದೆ.

ಸರಿಯಾಗಿ ಗುರಿ ಮುಟ್ಟಿದರೆ 10 ಅಂಕ. ಐದರೊಳಗಿನ ವ್ಯತ್ಯಾಸವಾದರೆ 7. ಹತ್ತರೊಳಗಾದರೆ 5. ಇಲ್ಲೂ ಗುರಿಗೆ ಹೆಚ್ಚು ಹತ್ತಿರ ಬಂದವರಿಗಷ್ಟೇ ಅಂಕ. ನೀವು 437, ನಾನು 438 ಅಂದರೆ ನನ್ನ ಒಂದೇ ಒಂದರ ತಪ್ಪಿಗೆ ಹತ್ತು ಅಂಕದ ಏಟು.

23,850ರವರೆಗೆ ಹತ್ತಿ ಇಳಿದ ಲೆಕ್ಕ

ಈ ಆಟದ ಅತಿ ಪ್ರಸಿದ್ಧ ಲೆಕ್ಕ 1997ರದು. ಆ ತುಣುಕು ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಸುತ್ತುತ್ತಿರುತ್ತದೆ. ಬಿಲ್ಲೆಗಳು 25, 50, 75, 100, 3, 6. ಗುರಿ 952. ಒಬ್ಬ ಸ್ಪರ್ಧಿ ಹೀಗೆ ಶುರು ಮಾಡಿದರು. 100ಕ್ಕೆ 6 ಕೂಡಿ 106. ಮೂರರಿಂದ ಗುಣಿಸಿ 318. ಅದನ್ನು 75ರಿಂದ ಗುಣಿಸಿ 23,850. ನಿರೂಪಕರೂ ಪ್ರೇಕ್ಷಕರೂ ನಗತೊಡಗಿದರು. ಗುರಿ ಇರುವುದು ಸಾವಿರದ ಒಳಗೆ, ಈ ಮನುಷ್ಯ ಇಪ್ಪತ್ತಮೂರು ಸಾವಿರ ದಾಟಿದ್ದಾರೆ! ಅವರು ಮುಂದುವರಿದರು. 50 ಕಳೆದರೆ 23,800. 25ರಿಂದ ಭಾಗಿಸಿದರೆ 952.

ಅಷ್ಟು ದೂರ ಹೋಗಬೇಕಿತ್ತೇ? ಅವರ ದಾರಿಯನ್ನು ಬಿಡಿಸಿ ನೋಡಿದರೆ ಅದರ ಅಂದ ಗೊತ್ತಾಗುತ್ತದೆ. 106ನ್ನು 9ರಿಂದ ಗುಣಿಸಿದರೆ 954. ಎರಡು ಕಳೆದರೆ 952. ಎಷ್ಟು ಸುಲಭ ಅಲ್ವಾ? ತೊಡಕು ಏನೆಂದರೆ 9 ಬೇಕಾದರೆ 75ನ್ನು 3ರಿಂದ ಗುಣಿಸಿ 25ರಿಂದ ಭಾಗಿಸಬೇಕು. 2 ಬೇಕಾದರೆ 50ನ್ನು 25ರಿಂದ ಭಾಗಿಸಬೇಕು. 25 ಎರಡು ಸಲ ಬೇಕು. ಇರುವುದು ಒಂದೇ.

ಇದನ್ನು ಪ್ರವಾಸದ ಖರ್ಚಿನ ಲೆಕ್ಕ ಅಂದುಕೊಳ್ಳಿ. 25 ಜನ ಪ್ರವಾಸ ಹೋದಿರಿ. ಖರ್ಚು 23,850 ರೂಪಾಯಿ. ಎಲ್ಲೋ 50 ರೂಪಾಯಿ ವಾಪಸ್ ಬಂತು. ಮೊದಲು ತಲೆಗೆ 954 ಅಂತ ವಸೂಲಿ ಮಾಡಿ, ಆಮೇಲೆ ತಲೆಗೆ ಎರಡು ರೂಪಾಯಿ ವಾಪಸ್ ಕೊಡಬಹುದು. ಅದಕ್ಕೆ ಎರಡು ಸಲ ಹಂಚಬೇಕು. ಇಲ್ಲವೇ 50ನ್ನು ಮೊದಲೇ ಕಳೆದು, ಉಳಿದ 23,800ನ್ನು ಒಂದೇ ಸಲ ಹಂಚಬಹುದು. ಹೇಗೆ ಮಾಡಿದರೂ ತಲೆಗೆ 952. ಒಂದೇ ಸಲ ಹಂಚುವ ದಾರಿಯಲ್ಲಿ 25 ಒಂದೇ ಸಾಕು. ಅರ್ಧ ನಿಮಿಷದಲ್ಲಿ ಅಂಥದ್ದೊಂದು ದಾರಿ ಹಿಡಿದದ್ದಕ್ಕೇ ಇಷ್ಟು ವರ್ಷ ಆದಮೇಲೂ ಜನ ಆ ತುಣುಕನ್ನು ಹಂಚಿಕೊಳ್ಳುತ್ತಾರೆ.

ಹಿಂದಿರುವವರು ಕಷ್ಟವನ್ನೇ ಕೇಳುವುದೇಕೆ?

952ರ ಲೆಕ್ಕದಲ್ಲಿ ನಾಲ್ಕೂ ದೊಡ್ಡ ಬಿಲ್ಲೆಗಳಿದ್ದವು. ಅದು ಕಷ್ಟದ ಆಯ್ಕೆ. ಸಾಮಾನ್ಯವಾಗಿ ಸುಲಭ ಅಂತ ಎಣಿಸುವುದು ಒಂದೋ ಎರಡೋ ದೊಡ್ಡದು, ಉಳಿದದ್ದು ಚಿಕ್ಕದು. ನಮ್ಮ 437ರ ಉದಾಹರಣೆ ಆ ಥರದ್ದು. ದೊಡ್ಡದರಿಂದ ಹತ್ತಿರ ಹೋಗಿ, ಚಿಕ್ಕವುಗಳಿಂದ ಸರಿಮಾಡಿದರೆ ಮುಗೀತು.

ಆರೂ ಚಿಕ್ಕವೇ ಆದರೆ ಎತ್ತರಕ್ಕೆ ಹೋಗುವುದೇ ಕಷ್ಟ. 1, 1, 2, 2, 3, 4 ಬಂದರೆ ಏನೇ ಮಾಡಿದರೂ 108ರ ಮೇಲೆ ಏರಲಾಗದು. ಅಷ್ಟೂ ಬಡತನ ಬರುವುದು ಅಪರೂಪ, ಆದರೂ ಅಪಾಯ ಎಲ್ಲಿದೆ ಅಂತ ತಿಳಿಯಿತಲ್ಲ.

ಕನಂಡ್ರಮ್‌ಗೆ ಮುಂಚಿನ ಸುತ್ತು ಸಂಖ್ಯೆಯದು. ಆ ಹೊತ್ತಿಗೆ ಆಡುವವರ ತಲೆಯಲ್ಲಿ ಎರಡು ಅಂಕಿ ಓಡುತ್ತಿರುತ್ತವೆ: 20 ಮತ್ತು 10. ಸಂಖ್ಯೆಯ ಸುತ್ತಿನಲ್ಲಿ ಹೆಚ್ಚೆಂದರೆ 10 ಸಿಗುತ್ತದೆ. ಕನಂಡ್ರಮ್‌ನಲ್ಲಿ 10. ಒಟ್ಟು 20. ಹಾಗಾಗಿ 21 ಅಂಕ ಹಿಂದಿದ್ದರೆ ಆಟ ಮುಗಿದ ಹಾಗೇ. ಕೊನೆಯ ಓವರಿಗೆ 37 ರನ್ ಬೇಕು ಅಂದ ಹಾಗೆ. ನೋಬಾಲು, ವೈಡು ಇಲ್ಲಿ ಇಲ್ಲವೇ ಇಲ್ಲ.

ಈಗ ನೀವು 15 ಅಂಕ ಹಿಂದಿದ್ದೀರಿ, ಬಿಲ್ಲೆ ಆರಿಸುವ ಸರದಿ ನಿಮ್ಮದು ಅನ್ನಿ. ಸುಲಭದ್ದು ಕೇಳಿದರೆ ಇಬ್ಬರೂ ಗುರಿ ಮುಟ್ಟುತ್ತಾರೆ, ಇಬ್ಬರಿಗೂ 10. ಅಂತರ 15ರಲ್ಲೇ ಉಳಿಯಿತು. ಕನಂಡ್ರಮ್ ಗೆದ್ದರೂ ಐದು ಅಂಕದ ಸೋಲು. ನಿಮಗೆ ಬೇಕಾದ್ದು ಒಳ್ಳೆಯ ಅಂಕ ಅಲ್ಲ, ನಿಮಗೆ ಸಿಕ್ಕಿ ಅವರಿಗೆ ಸಿಗದ ಅಂಕ. ಅದು ಸಾಧ್ಯವಾಗುವುದು ಲೆಕ್ಕ ಕಷ್ಟವಿದ್ದಾಗ ಮಾತ್ರ. ಆದ್ದರಿಂದ ‘ನಾಲ್ಕೂ ದೊಡ್ಡವು ಕೊಡಿ’ ಅಥವಾ ‘ಆರೂ ಚಿಕ್ಕವು ಕೊಡಿ’.

ಮುಂದಿರುವವರ ಸರದಿ ಬಂದರೆ ಇದೇ ಲೆಕ್ಕ ತಿರುವುಮುರುವು. ಅವರು ಆದಷ್ಟು ಸಪ್ಪೆ ಆಯ್ಕೆ ಮಾಡುತ್ತಾರೆ. ಇಬ್ಬರೂ ಸರಿ ಉತ್ತರ ಕೊಟ್ಟರೆ ಅವರಿಗೆ ಖುಷಿಯೇ. ಮುನ್ನಡೆಯಲ್ಲಿರುವ ಕಬಡ್ಡಿ ತಂಡದ ರೈಡರ್ ಗೆರೆ ಮುಟ್ಟಿ, ಯಾರನ್ನೂ ಕೆಣಕದೆ ಹೊತ್ತು ಕಳೆದು ವಾಪಸ್ ಬರುವುದಿಲ್ಲವೇ? ಹಾಗೆ. ನೋಡಲು ಬೇಜಾರು, ಆದರೆ ಲೆಕ್ಕ ಸರಿಯಾಗಿದೆ.

ಕೊನೆಯ ಒಗಟು

ಈಗ ಕನಂಡ್ರಮ್. ಒಂಬತ್ತು ಅಕ್ಷರದ ಒಂದು ಪದವನ್ನು ಕಲಸಿ ತೋರಿಸುತ್ತಾರೆ. ಎಷ್ಟೋ ಸಲ ಆ ಕಲಸಿದ ಅಕ್ಷರಗಳೇ ಬೇರೆ ಯಾವುದೋ ತಮಾಷೆಯ ಪದಗಳ ಹಾಗೆ ಕಾಣುವಂತೆ ಜೋಡಿಸಿರುತ್ತಾರೆ. ಕಣ್ಣು ಅದಕ್ಕೇ ಅಂಟಿಕೊಂಡುಬಿಡುತ್ತದೆ. ಅದೇ ಉದ್ದೇಶ. ನಾನೊಂದು ಮಾಡಿದ್ದೇನೆ: ‘ಕೂಲ್ ಚೀಟ್’. ಇಂಗ್ಲಿಷಿನಲ್ಲಿ ಸಿ, ಓ, ಓ, ಎಲ್, ಸಿ, ಎಚ್, ಇ, ಎ, ಟಿ. ಇದನ್ನು ಒಂದೇ ಪದ ಮಾಡಬೇಕು. ಮಕ್ಕಳಿಗೆ ತುಂಬ ಇಷ್ಟವಾದದ್ದು. ಉತ್ತರ ಲೇಖನದ ಕೊನೆಯಲ್ಲಿ. ಅಲ್ಲಿಗೆ ಈಗಲೇ ಹಾರಬೇಡಿ.

ಉತ್ತರ ಒಂದೇ ಬರುವಂಥ ಅಕ್ಷರಗಳನ್ನು ಹುಡುಕುವುದೂ ಸುಲಭದ ಕೆಲಸ ಅಲ್ಲ. ‘ಎಜುಕೇಶನ್’ ಪದದ ಒಂಬತ್ತು ಅಕ್ಷರ ತೆಗೆದುಕೊಳ್ಳಿ. ಅದನ್ನೇ ತಿರುಗಿಸಿದರೆ ಹರಾಜು ಹಾಕಿದ ಎಂಬ ಅರ್ಥದ ‘ಆಕ್ಷನ್ಡ್’ ಆಗುತ್ತದೆ, ಎಚ್ಚರಿಸಿದ ಎಂಬ ಅರ್ಥದ ‘ಕಾಶನ್ಡ್’ ಕೂಡ ಆಗುತ್ತದೆ.

ಇದು ಬಝರ್ ಸುತ್ತು. ಬರೆದಿಟ್ಟುಕೊಂಡು ಆಮೇಲೆ ಹೇಳುವ ಹಾಗಿಲ್ಲ. ಮೊದಲು ಗುಂಡಿ ಒತ್ತಿದವರು ಹೇಳಬೇಕು. ಸರಿಯಾದರೆ 10 ಅಂಕ, ಎದುರಾಳಿಗೆ ಏನೂ ಇಲ್ಲ. ತಪ್ಪಾದರೆ ಅಂಕವೇನೂ ಕಳೆಯುವುದಿಲ್ಲ, ಆದರೆ ಅವರ ಆಟ ಅಲ್ಲಿಗೆ ಮುಗಿಯಿತು. ಉಳಿದ ಸೆಕೆಂಡುಗಳು ಪೂರ್ತಿ ಎದುರಾಳಿಗೆ. ಇಬ್ಬರಿಗೂ ಹೊಳೆಯದಿದ್ದರೆ ನಿರೂಪಕರು ಪ್ರೇಕ್ಷಕರ ಕಡೆ ತಿರುಗಿ ‘ನಿಮ್ಮಲ್ಲಿ ಯಾರಿಗಾದರೂ ಗೊತ್ತಾಯಿತಾ’ ಅಂತ ಕೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವರು ಥಟ್ಟನೆ ಹೇಳಿಬಿಡುವುದೂ ಉಂಟು. ಆಗ ಸ್ಪರ್ಧಿಗಳ ಮುಖ ನೋಡಬೇಕು!

ಅಂತರ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ‘ಕ್ರೂಶಿಯಲ್ ಕನಂಡ್ರಮ್’, ಅಂದರೆ ನಿರ್ಣಾಯಕ ಒಗಟು. 88-77 ಇದ್ದರೆ ಅಂತರ 11. ಒಗಟು ಬಿಡಿಸಿದರೂ 88-87. ಮರ್ಯಾದೆಗೆ ಆಡುವುದು ಅಷ್ಟೇ. 88-79 ಇದ್ದರೆ ಬಿಡಿಸಿದ ಕ್ಷಣ 89-88. ನೀವು ನೋಡಿದ ತುಣುಕಿನಲ್ಲಿ ಒಂದೇ ಅಂಕದಿಂದ ಪಂದ್ಯ ತಿರುಗುವುದು ಹೀಗೆ. 11ಕ್ಕೂ 9ಕ್ಕೂ ಇರುವ ವ್ಯತ್ಯಾಸ ಎರಡೇ ಅಂಕ. ಆದರೆ ಒಂದರಲ್ಲಿ ಆಟ ಮುಗಿದಿದೆ, ಇನ್ನೊಂದರಲ್ಲಿ ಆಟ ಈಗ ಶುರು.

ಗುಂಡಿಯ ಮೇಲಿನ ಬೆರಳು

88-79. ಮುಂದಿರುವವರನ್ನು ಎಡಗಡೆಯವರು ಅನ್ನೋಣ, ಹಿಂದಿರುವವರನ್ನು ಬಲಗಡೆಯವರು. ಇಬ್ಬರ ಮುಂದೆಯೂ ಒಂದೇ ಒಗಟು. ಆದರೆ ಇಬ್ಬರೂ ಆಡುತ್ತಿರುವ ಆಟ ಬೇರೆ.

ಎಡಗಡೆಯವರು ಒಗಟು ಬಿಡಿಸಲೇಬೇಕು ಅಂತ ಇಲ್ಲ. ಬಲಗಡೆಯವರಿಗೆ ಹೊಳೆಯದೆ 30 ಸೆಕೆಂಡು ಕಳೆದರೆ ಸಾಕು. ಬಲಗಡೆಯವರಿಗೆ ಬೇರೆ ದಾರಿಯೇ ಇಲ್ಲ. ಬಿಡಿಸಬೇಕು, ಅದೂ ಎಡಗಡೆಯವರಿಗಿಂತ ಮೊದಲು.

ಅರ್ಧಂಬರ್ಧ ಹೊಳೆದಾಗ ಗುಂಡಿ ಒತ್ತಬೇಕೇ? ಬಲಗಡೆಯವರು ಒತ್ತಿ ತಪ್ಪು ಹೇಳಿದರೆ ಪಂದ್ಯ ಅಲ್ಲೇ ಮುಗಿಯಿತು. ಅವರು ಕಾಯಬೇಕು. ಜಾಸ್ತಿ ಕಾದರೆ ಎಡಗಡೆಯವರಿಗೆ ಹೊಳೆದುಬಿಡಬಹುದು. ಎಡಗಡೆಯವರು ಒತ್ತಿ ತಪ್ಪು ಹೇಳಿದರೆ ಅಂಕವೇನೂ ಹೋಗುವುದಿಲ್ಲ. ಆದರೆ ಅಷ್ಟು ಹೊತ್ತು ‘ಇವರು ಯಾವಾಗ ಒತ್ತುತ್ತಾರೋ’ ಎಂಬ ಹೆದರಿಕೆಯಲ್ಲಿದ್ದ ಬಲಗಡೆಯವರಿಗೆ ಈಗ ಪೈಪೋಟಿಯೇ ಇಲ್ಲ. ಉಳಿದ ಸಮಯದಲ್ಲಿ ನೆಮ್ಮದಿಯಾಗಿ ಯೋಚಿಸಬಹುದು. ಎಡಗಡೆಯವರೇ ಆ ನೆಮ್ಮದಿಯನ್ನು ಬಿಟ್ಟಿಯಾಗಿ ಕೊಟ್ಟ ಹಾಗಾಯಿತು. ಅದಕ್ಕೇ ಮುಂದಿರುವವರು ಖಾತ್ರಿಯಾಗುವವರೆಗೆ ಬೆರಳು ಗುಂಡಿಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುವುದು. ಅಳುಕು ಅಂತ ಕಂಡರೂ ಅದು ಅಳುಕಲ್ಲ.

ಸಮವಾದರೆ?

ಅಂತರ ಸರಿಯಾಗಿ 10 ಇದ್ದು, ಹಿಂದಿರುವವರು ಒಗಟು ಬಿಡಿಸಿದರೆ 88-88. ಅಥವಾ ಮೊದಲೇ ಸಮವಿದ್ದು ಯಾರಿಗೂ ಹೊಳೆಯದಿದ್ದರೂ ಸಮವೇ. ಆಗ ಇನ್ನೊಂದು ಕನಂಡ್ರಮ್. ಅದರಲ್ಲೂ ತೀರ್ಮಾನ ಆಗದಿದ್ದರೆ ಮತ್ತೊಂದು. ಯಾರಾದರೂ ಬಿಡಿಸುವವರೆಗೆ ನಡೆಯುತ್ತದೆ. ಕ್ರಿಕೆಟ್ಟಿನ ಸೂಪರ್ ಓವರ್ ಇದ್ದ ಹಾಗೆ, ಆದರೆ ಇಲ್ಲಿ ಓವರಿಗೆ ಒಂದೇ ಬಾಲು.

ಗೆದ್ದವರು ಮುಂದಿನ ಪಂದ್ಯಕ್ಕೆ ಉಳಿಯುತ್ತಾರೆ, ಹೊಸ ಸವಾಲುಗಾರರು ಎದುರು ಬರುತ್ತಾರೆ. ಹೀಗೆ ಸತತ ಎಂಟು ಗೆದ್ದರೆ ‘ಆಕ್ಟೋಚಾಂಪ್’ ಎಂಬ ಪಟ್ಟ. ಅಲ್ಲಿಗೆ ಎದ್ದು ಜಾಗ ಬಿಡಬೇಕು. ಸರಣಿಯ ಕೊನೆಗೆ ಅತ್ಯುತ್ತಮ ಎಂಟು ಜನರನ್ನು ಮತ್ತೆ ಕರೆದು, ಸೋತವರು ಹೊರಗೆ ಹೋಗುವ ರೀತಿಯಲ್ಲಿ ಆಡಿಸುತ್ತಾರೆ. ಮೈ ಬಿಗಿಹಿಡಿದು ನೋಡುವ ಪಂದ್ಯಗಳು ಹೆಚ್ಚಾಗಿ ಆಗ ಬರುತ್ತವೆ. ಇಬ್ಬರೂ ಪಳಗಿದವರು, ಹೆಚ್ಚಿನ ಸುತ್ತು ಸಮ, ಅಂತರ ಹತ್ತರ ಆಸುಪಾಸು.

ಇಷ್ಟೆಲ್ಲ ಪಾಡುಪಟ್ಟರೆ ಬಹುಮಾನ ಏನು? ಪಂದ್ಯ ಗೆದ್ದವರಿಗೆ ಒಂದು ಟೀ ಪಾಟ್. ಹೌದು, ಚಹಾದ ಕೆಟಲು. ಗಡಿಯಾರದ ಚಿತ್ರ ಇರುವ ಆ ಟೀ ಪಾಟ್ ಅಂಗಡಿಯಲ್ಲಿ ಸಿಗುವುದಿಲ್ಲ, ಗೆದ್ದೇ ತರಬೇಕು. ಹಿಂದೆಲ್ಲ ಸರಣಿ ಗೆದ್ದವರಿಗೆ 20 ಸಂಪುಟಗಳ ಆಕ್ಸ್‌ಫರ್ಡ್ ನಿಘಂಟು ಕೊಡುತ್ತಿದ್ದರು. ನಮಗೆ ಇದು ತೀರಾ ಹೊಸತಲ್ಲ. ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲೂ ಸರಿ ಉತ್ತರಕ್ಕೆ ಸಿಗುವುದು ಪುಸ್ತಕವೇ.

ಕನ್ನಡದಲ್ಲಿ ಆಡಬಹುದೇ?

ಸಂಖ್ಯೆಯ ಸುತ್ತಿಗೆ ಭಾಷೆಯ ಹಂಗಿಲ್ಲ. ಇಸ್ಪೀಟು ಎಲೆಯ ಹಿಂಬದಿಯಲ್ಲಿ ಅಂಕಿ ಬರೆದುಕೊಂಡರೆ ಇವತ್ತು ಸಂಜೆಯೇ ಆಡಬಹುದು. ತೊಂದರೆ ಇರುವುದು ಅಕ್ಷರಗಳದು.

ಇಂಗ್ಲಿಷಿನಲ್ಲಿ ಸ್ವರ ಬೇರೆ, ವ್ಯಂಜನ ಬೇರೆ ನಿಲ್ಲುತ್ತವೆ. ಯಾವುದನ್ನು ಯಾವುದರ ಪಕ್ಕ ಬೇಕಾದರೂ ಕೂರಿಸಬಹುದು. ಕನ್ನಡದ ಅಕ್ಷರ ತನ್ನ ಸ್ವರವನ್ನು ಮೈಮೇಲೇ ಹೊತ್ತುಕೊಂಡು ಬರುತ್ತದೆ. ‘ರಿ, ಲ್ಲಿ, ಬೆಂ, ನ, ಳೂ, ಗ’ ಅಂತ ಕಲಸಿ ಕೊಟ್ಟರೂ ನೀವು ಒಂದೇ ನೋಟಕ್ಕೆ ‘ಬೆಂಗಳೂರಿನಲ್ಲಿ’ ಅಂದುಬಿಡುತ್ತೀರಿ. ‘ಬೆಂ’ ಮೊದಲು ಬರಬೇಕು, ‘ಲ್ಲಿ’ ಕೊನೆಗೆ ಬರಬೇಕು ಅಂತ ಅವೇ ಕೂಗಿ ಹೇಳುತ್ತವೆ. ಕಾಗುಣಿತ ಬಿಡಿಸಿ ಕ್, ಅ, ನ್, ನ್, ಅ, ಡ್, ಅ ಅಂತ ಹರಡಿದರೆ ಆಟ ಕಷ್ಟವಾಗುತ್ತದೆ. ಆದರೆ ಹಾಗೆ ಬಿಡಿಸಿಟ್ಟು ಓದುವ ರೂಢಿ ನಮ್ಮ ಕಣ್ಣಿಗಿಲ್ಲ. ಇನ್ನೊಂದು ತಕರಾರೂ ಇದೆ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟಿಸುತ್ತ ಹೋದರೆ ಎಲ್ಲಿ ನಿಲ್ಲಿಸುವುದು? ‘ಮನೆ’, ‘ಮನೆಯ’, ‘ಮನೆಯವರು’, ‘ಮನೆಯವರಿಗೆ’, ‘ಮನೆಯವರಿಗೂ’. ನಿಘಂಟಿನ ಮೂಲೆಯಲ್ಲಿ ಕೂತವರ ಗತಿ ಏನು!

ಅಂದಹಾಗೆ, ‘ಕೂಲ್ ಚೀಟ್’ ಬಿಡಿಸಿದರೆ ಚಾಕೊಲೇಟ್.